ಕದ ಎಡಗೈದೋ, ಬಲಗೈದೋ? ಕೀಲಿ ತರೂದಕ್ಕಿಂತ ಮೊದಲ ನೋಡ್ರಿ

ಅಂಗಡ್ಯಾಗ ಹೋಗಿ ಬರೇ "ಎಡಗೈ ಕದದ ಕೀಲಿ ಕೊಡ್ರಿ" ಅಂತ ಕೇಳಬ್ಯಾಡ್ರಿ. ಒಂದ ಕದಕ್ಕ ಒಬ್ಬರು ಎಡಗೈ ಅಂತಾರ, ಇನ್ನೊಬ್ಬರು ಬಲಗೈ ಅಂತಾರ. ಇಬ್ಬರೂ ತಪ್ಪಲ್ಲ, ನಿಂತು ನೋಡೋ ಮಗ್ಗಲ ಬ್ಯಾರೆ.

ಅಮೆರಿಕಾದ ಪದ್ಧತಿಗೆ ಹೊರಗ, ಅಂದ್ರ ಕೀಲಿಕೈ ಹಾಕೋ ಕಡೆ ನಿಂದ್ರಬೇಕು. ಕದ ಒಳಗ ತಳ್ಳೂವಂಥದ್ದಿದ್ದು ಬಿಜಾಗರಿ ಎಡಕ್ಕಿದ್ರ ಎಡಗೈ, ಬಲಕ್ಕಿದ್ರ ಬಲಗೈ. ಹೊರಗ ಎಳೆಯೂವಂಥದ್ದಿದ್ರ ಹೆಸರಿನ ಕೊನೀಗೆ 'ರಿವರ್ಸ್' ಅಂತ ಕೂಡತೈತಿ. ಜರ್ಮನಿಯ ಡಿಐಎನ್ (ಅಲ್ಲಿನ ಗುಣಮಟ್ಟ ಗೊತ್ತುಮಾಡೋ ಸಂಸ್ಥೆ) ಪದ್ಧತಿಗೆ ಒಳಗು-ಹೊರಗಿನ ಲೆಕ್ಕ ಇಲ್ಲ. ಕದ ನಿಮ್ಮ ಕಡೆ ಬರೋ ಮಗ್ಗಲ, ಬಿಜಾಗರಿ ಗಂಟು ಕಾಣೋ ಕಡೆ ನಿಂದ್ರಬೇಕು. ಗಂಟು ಎಡಕ್ಕಿದ್ರ ಎಡ. ಹಿಂಗಾಗಿ ಒಳಗ ತೆರೆಯೋ ನಮ್ಮ ತಲಬಾಗಿಲದ ಕದ ಒಂದರಾಗ ಎಡಗೈ ಆದ್ರ ಇನ್ನೊಂದರಾಗ ಬಲಗೈ! ಅದಕ್ಕ ಹುಬ್ಬಳ್ಳಿ ಪ್ಯಾಟಿಗೆ ಹೋಗೂ ಮುಂದ ಹೆಸರು ಬಿಟ್ಟು ಇಷ್ಟು ಬರಕೊಂಡು ಹೋಗ್ರಿ: "ಹೊರಗ ನಿಂತ್ರ ಬಿಜಾಗರಿ ಎಡಕ್ಕ, ಕದ ಒಳಗ ಹೋಗತೈತಿ, ದಪ್ಪ 32 ಮಿಲಿಮೀಟರ್." ಹೊರಗಿನಿಂದ, ಒಳಗಿನಿಂದ ಒಂದೊಂದು ಫೋಟೋ ಇದ್ರ ಇನ್ನೂ ಚಲೋ.

ಸಾದಾ ಬಿಜಾಗರಿ, ಟವರ್ ಬೋಲ್ಟಿಗೆ (ಸರಿಸಿ ಹಾಕೋ ಚಿಲಕಕ್ಕ) ಈ ಚಿಂತಿ ಇಲ್ಲ, ಯಾವ ಕಡೆಗೂ ಕೂಡ್ತಾವ. ಕೈ ನೋಡಬೇಕಾಗೂದು ಮಾರ್ಟೈಸ್ ಕೀಲಿ (ಕದದ ದಪ್ಪದಾಗ ಕೊರದು ಕೂಡಿಸೋದು), ನೈಟ್ ಲ್ಯಾಚ್ (ಕದದ ಒಳಮಗ್ಗಲ ಹಚ್ಚೋ, ಮುಚ್ಚಿದ ಕೂಡಲೆ ತಾನ ಬೀಳೋ ಕೀಲಿ), ಲಿವರ್ ಹಿಡಿಕಿ ಮತ್ತ ಕದ ಎತ್ತಿ ಬಿಚ್ಚೋ ಬಿಜಾಗರಿಗೆ. ಈ ಕಡೀದನ್ನ ಹುಷಾರಿಲೆ ತಗೋರಿ. ಅದರ ಗೂಟ ಚೌಕಟ್ಟಿನ ತುಂಡಿನ್ಯಾಗ ಮ್ಯಾಲ ಮುಖಾ ಮಾಡಿರಬೇಕು. ತಪ್ಪು ಕೈದು ತಂದು ಬುಡಮೇಲು ಹಚ್ಚಿದ್ರ ಗೂಟ ಕೆಳಗಾಗಿ ಕದ ಕಳಚಿ ಬೀಳತೈತಿ.

ಕೀಲಿಯ ನಾಲಿಗಿಗೆ ಒಂದು ಮಗ್ಗಲ ಇಳಿಜಾರು ಇರತೈತಿ. ಕದ ಮುಚ್ಚೂವಾಗ ಚೌಕಟ್ಟಿನ ತಗಡಿಗೆ ಮೊದಲ ತಾಗೂದು ಆ ಇಳಿಜಾರ ಆಗಿರಬೇಕು, ಆಗ ನಾಲಿಗಿ ತಾನ ಒಳಗ ಸರೀತೈತಿ. ತಿರುವಾದ್ರ ನೆಟ್ಟಗಿನ ಮಗ್ಗಲ ಬಡಿದು ನಿಂದ್ರತೈತಿ, ಹಿಡಿಕಿ ತಿರುವದ ಕದ ಹಾಕಲಿಕ್ಕೆ ಆಗೂದಿಲ್ಲ. ಆಗ ಬಡಿಗ್ಯಾರು ಚೌಕಟ್ಟ ಕೆತ್ತಲಿಕ್ಕೆ ಹೊಂಟ್ರ ತಡೀರಿ. ಭಾಳ ಮಾರ್ಟೈಸ್ ಕೀಲಿಗಳೊಳಗ ನಾಲಿಗಿ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂಡಿಸಲಿಕ್ಕೆ ಬರತೈತಿ. ಡಬ್ಬಿ ಮ್ಯಾಲಿನ ಚಿತ್ರ ನೋಡಿನ ತಗೋರಿ.

ಹಳೇ ಮನಿ ಜೋಡು ಕದ ಇದ್ರ ಯಾವ ಕದ ಮೊದಲ ತೆರೀತೈತೋ ಅದರ ಕೈನ ಲೆಕ್ಕ. ನಡುವಿನ ಪಟ್ಟಿ ನೋಡ್ರಿ: ಒಳಗ ತೆರೆಯೋ ಕದಕ್ಕ ಪಟ್ಟಿ ಹೊರಮಗ್ಗಲ ಬಡಿದಿದ್ರ, ಪಟ್ಟಿ ಇಲ್ಲದ ಕದ ಮೊದಲ ತೆರೀಬೇಕು. ಪಟ್ಟಿ ಒಳಮಗ್ಗಲ ಇದ್ರ, ಪಟ್ಟಿ ಇದ್ದ ಕದಾನ ಮೊದಲ.

ಕದ ಎಡದಿಂದ ಬಲಕ್ಕ ಬದಲಿಸಬೇಕಂದ್ರ ಬಿಜಾಗರಿ, ಕೀಲಿ ಎರಡೂ ಸರಿಸಿ ಹಳೇ ಗಾಯಕ್ಕ ಕಟ್ಟಿಗಿ ತುಂಡು ಫೆವಿಕಾಲ್ ಹಚ್ಚಿ ಕೂಡಿಸಿದ್ರ ಸಾಕು. ಒಳಗ ತೆರೆಯೋದನ್ನ ಹೊರಗ ಮಾಡೂದು ಸಣ್ಣ ಕೆಲಸ ಅಲ್ಲ, ಚೌಕಟ್ಟಿನ ಕಚ್ಚು (ಕದ ಬಂದು ಕೂಡೋ ತೋಡು) ಒಂದ ಮಗ್ಗಲಕ್ಕ ಕೊರದಿರತೈತಿ. ಧಾರವಾಡದಾಗ ಆಷಾಢ-ಶ್ರಾವಣದಾಗ ಕಟ್ಟಿಗಿ ಕದ ಉಬ್ಬಿ ಕೀಲಿ ಮಗ್ಗಲ ತಿಕ್ಕತೈತಿ. ಅದು ಕೈ ತಪ್ಪಿದ್ದಕ್ಕಲ್ಲ. ಮಳಿಗಾಲದಾಗ ಹತ್ರಿ ಹೊಡಸಬ್ಯಾಡ್ರಿ, ಬ್ಯಾಸಿಗ್ಯಾಗ ಸಂದು ದೊಡ್ಡದಾಗಿ ನಾಲಿಗಿ ತಗಡಿಗೆ ಸಿಗೂದಿಲ್ಲ. ಒಣಗಿದ ಮ್ಯಾಲ ನೋಡಿ, 3 ಮಿಲಿಮೀಟರಿನಷ್ಟು ಸಂದು ಬಿಡಸ್ರಿ.

ಹೊಸ ಮನಿ ಕಟ್ಟಿಸೋರು ವೈರಿಂಗ ಮಾಡಸೂದಕ್ಕಿಂತ ಮೊದಲ ಪ್ರತಿ ಕದದ ಕೈ ಗೋಡಿ ಮ್ಯಾಲ ಸೀಸಕಡ್ಡಿಲೆ ಬರಸ್ರಿ. ಸ್ವಿಚ್ ಬೋರ್ಡ್ ಕೀಲಿ ಇರೋ ಮಗ್ಗಲ, ಚೌಕಟ್ಟಿಂದ ಒಂದು ಗೇಣು ಬಿಟ್ಟು ಇರಬೇಕು. ಬಿಜಾಗರಿ ಮಗ್ಗಲ ಹಾಕಿಬಿಟ್ರ ತೆರೆದ ಕದದ ಹಿಂದ ಅಡಗಿ, ಕತ್ತಲಾಗ ಕೈಗೆ ಸಿಗೂದಿಲ್ಲ.