ರಾಯಚೂರಿನ್ಯಾಗ ಗೇಮಿಂಗ್ ಪಿಸಿ: ರೆಡಿಮೇಡ್ ತಗೋಬೇಕಾ, ನಾವೇ ಕೂಡಿಸ್ಬೇಕಾ?

ರೆಡಿಮೇಡ್ ತಗೋಳೋರು ಮೊದಲು ಒಳಗ ಏನೇನ್ ಹಾಕ್ಯಾರ ಅಂತ ಪೂರ್ತಿ ಲಿಸ್ಟ್ ಕೇಳ್ರಿ, ಬರೇ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹೆಸರು ಹೇಳಿ ಪವರ್ ಸಪ್ಲೈ, ಮದರ್‌ಬೋರ್ಡ್ ಯಾವ್ದು ಅಂತ ಹೇಳ್ಲಿಲ್ಲಂದ್ರ ಮುಂದ ಹೋಗಬ್ಯಾಡ್ರಿ. ಕೆಲವು ದೊಡ್ಡ ಬ್ರ್ಯಾಂಡಿನ ಪಿಸಿಯಾಗ ಇವೆರಡೂ ಅವರದೇ ಅಳತಿದು ಇರ್ತಾವ, ನಾಳೆ ಬದಲ್ ಮಾಡಾಕ ಅಂಗಡ್ಯಾಗ ಸಿಗೋವು ಕೂಡಂಗಿಲ್ಲ. ಸರ್ವೀಸಿನವರು ರಾಯಚೂರಿಗೆ ಬರ್ತಾರೋ ಇಲ್ಲಾ ನಾವೇ ಹೈದರಾಬಾದಿಗೋ ಬೆಂಗಳೂರಿಗೋ ಹೊತ್ಕೊಂಡ್ ಹೋಗ್ಬೇಕೋ, ಅದನ್ನೂ ಕೇಳ್ರಿ.

ನಮ್ ಕಡೆ ಭಾಳ ಮುಖ್ಯ ಅಂದ್ರ ಬಿಸಲು. ಬ್ಯಾಸಗ್ಯಾಗ 40 ಡಿಗ್ರಿ ದಾಟ್ತದ, ಮ್ಯಾಲ ಧೂಳು ಬ್ಯಾರೆ, ಅದಕ್ಕ ಮುಂದ ಗಾಜಿರೋ ಕೇಸ್ (ಪಿಸಿ ಡಬ್ಬಿ) ನೋಡಾಕ ಎಷ್ಟೇ ಚೆಂದ ಇರ್ಲಿ ಬ್ಯಾಡ, ಜಾಳಿಗಿ ಇರೋದು, ಫಿಲ್ಟರ್ ತೆಗೆದು ತೊಳಿಯಾಕ ಬರೋದು ತಗೋರಿ. ನಾವೇ ಕೂಡಿಸಿದ್ರ ಇದೆಲ್ಲಾ ನಮ್ ಕೈಯಾಗ ಇರ್ತದ, ನಾನು ಅದನ್ನೇ ಮಾಡ್ರಿ ಅಂತೀನಿ.

ಪವರ್ ಸಪ್ಲೈದಾಗ ಉಳಿಸಬ್ಯಾಡ್ರಿ. ಆರ್‌ಟಿಎಕ್ಸ್ 4070 ಅನ್ನೋ ಗ್ರಾಫಿಕ್ಸ್ ಕಾರ್ಡ್ ಒಂದೇ 200 ವ್ಯಾಟ್ ತಗೋತದ, ಅದಕ್ಕ ಪವರ್ ಸಪ್ಲೈ 650 ವ್ಯಾಟಿಂದು ಬೇಕಂತ ಕಾರ್ಡ್ ಮಾಡೋ ಎನ್‌ವಿಡಿಯಾದವರೇ ಹೇಳ್ತಾರ. 32 ಜಿಬಿ ರ್‍ಯಾಮ್ ಒಂದೇ ಕಡ್ಡಿ ಬ್ಯಾಡ, 16ರವು ಎರಡು ಹಾಕ್ರಿ. ಕೂಡಿಸಿದ ಮ್ಯಾಲ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹಚ್ರಿ, ಮದರ್‌ಬೋರ್ಡಿಗಲ್ಲ.