ಹಾರ್ಟ್‌ಗೆ ನ್ಯೂಕ್ಲಿಯರ್ ಸ್ಟ್ರೆಸ್ ಸ್ಕ್ಯಾನ್: ಸ್ಪೆಕ್ಟಾ, ಪೆಟ್ಟಾ? ಆರಿಸ್ಕೊಳ್ಳೋದು ಹೇಗೆ

ನ್ಯೂಕ್ಲಿಯರ್ ಸ್ಟ್ರೆಸ್ ಟೆಸ್ಟ್ ಅಂದ್ರೆ ನಡೆಸಿ ಅಥವಾ ಔಷಧಿ ಕೊಟ್ಟು ಹೃದಯಕ್ಕೆ ಸ್ಟ್ರೆಸ್ ಮಾಡಿ, ಟ್ರೇಸರ್ (ಸ್ವಲ್ಪ ರೇಡಿಯೇಷನ್ ಸೂಸೋ ಪದಾರ್ಥ) ಚುಚ್ಚಿ, ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ಕ್ಯಾಮೆರಾದಲ್ಲಿ ನೋಡೋದು. ಆ ಕ್ಯಾಮೆರಾದಲ್ಲಿ ಸ್ಪೆಕ್ಟ್, ಪೆಟ್ ಅಂತ ಎರಡು ತರ. ಡಾಕ್ಟ್ರು ಈ ಟೆಸ್ಟ್ ಬರೆದುಕೊಟ್ರೆ ಎಲ್ರೂ ಮೊದಲು ಕೇಳೋದು ಯಾವ ಮೆಷಿನ್ ಒಳ್ಳೇದು ಅಂತ. ಹೃದಯಕ್ಕೆ ಸ್ಟ್ರೆಸ್ ಹೇಗೆ ಕೊಡ್ತಾರೆ ಅಂತ ಯಾರೂ ಕೇಳಲ್ಲ, ಟೆಸ್ಟ್ ಕೆಡೋದು ಮಾತ್ರ ಅಲ್ಲೇ.

1. ಟೆಸ್ಟ್ ಯಾಕೆ ಅಂತ ತಿಳ್ಕೊಳ್ಳಿ. ಬರೀ ಪಂಪಿಂಗ್ ಎಷ್ಟಿದೆ ಅಂತ ನೋಡೋಕಾದ್ರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಅಥವಾ ಮುಗಾ ಸ್ಕ್ಯಾನ್ (ಟ್ರೇಸರ್ ಬಳಸಿ ಪಂಪಿಂಗ್ ಅಳೆಯೋ ಸ್ಕ್ಯಾನ್) ಸಾಕು.

2. ಸ್ಟ್ರೆಸ್ ಯಾವ ತರ ಅಂತ ತೀರ್ಮಾನ ಮಾಡಿ. ಚೆನ್ನಾಗಿ ನಡೆಯೋಕಾಗೋರು ಟ್ರೆಡ್‌ಮಿಲ್ ಬಿಟ್ಟು ಬೇರೆ ಯೋಚನೆನೇ ಮಾಡಬೇಡಿ, ಎಷ್ಟು ಹೊತ್ತು ನಡೆದ್ರಿ, ಬಿಪಿ ಹೇಗಿತ್ತು, ಎದೆನೋವು ಬಂತಾ ಅನ್ನೋದೆಲ್ಲ ಅದರಲ್ಲೇ ಗೊತ್ತಾಗುತ್ತೆ. (ಇಸಿಜಿಯಲ್ಲಿ ಎಲ್‌ಬಿಬಿಬಿ, ಅಂದ್ರೆ ಹೃದಯದ ಎಡಭಾಗಕ್ಕೆ ಹೋಗೋ ವಿದ್ಯುತ್ ದಾರೀಲಿ ಅಡ್ಡಿ ಇರೋರಿಗೆ, ಪೇಸ್‌ಮೇಕರ್ ಇರೋರಿಗೆ ಇದು ಬೇಡ, ಅವರಿಗೆ ಔಷಧಿಯ ಸ್ಟ್ರೆಸ್ಸೇ ಸರಿ.) 220ರಿಂದ ವಯಸ್ಸು ಕಳೀರಿ, ಅದರ ಶೇ 85ರಷ್ಟಾದ್ರೂ ಹಾರ್ಟ್‌ರೇಟ್ ಏರಬೇಕು. ಸುಸ್ತು ತುತ್ತತುದಿಗೆ ಬಂದಾಗ ಟ್ರೇಸರ್ ಇಂಜೆಕ್ಷನ್ ಕೊಡ್ತಾರೆ, ಅಬ್ಬಾ ಮುಗೀತು ಅಂತ ಜನ ಆಗಲೇ ನಿಂತುಬಿಡ್ತಾರೆ. ನಿಲ್ಲಬೇಡಿ! ಟ್ರೇಸರ್ ಹೃದಯದ ಸ್ನಾಯುವಿಗೆ ಸೇರೋ ತನಕ, ಅಂದ್ರೆ ಇನ್ನೂ ಒಂದು ನಿಮಿಷವಾದ್ರೂ ನಡೀಲೇಬೇಕು, ಎದೆನೋವು ತಲೆಸುತ್ತು ಬಂದ್ರೆ ಮಾತ್ರ ತಕ್ಷಣ ಹೇಳಿ. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಹಾರ್ಟ್‌ರೇಟ್ ಏರೋದೇ ಕಷ್ಟ, ಅದನ್ನ ನಿಲ್ಲಿಸಬೇಕಾ ಅಂತ ಮುಂಚೆನೇ ಡಾಕ್ಟ್ರನ್ನ ಕೇಳಿ, ನೀವೇ ನಿಲ್ಲಿಸಬೇಡಿ.

ನಡೆಯೋಕಾಗದವರಿಗೆ ಅಡೆನೊಸಿನ್, ಡೈಪಿರಿಡಮೋಲ್ ಅಥವಾ ರೆಗಾಡೆನೊಸಾನ್ ಕೊಟ್ಟು ರಕ್ತನಾಳ ಹಿಗ್ಗಿಸ್ತಾರೆ. ಇಲ್ಲಿ ಶತ್ರು ಕೆಫೀನ್. ಅದು ಈ ಔಷಧಿನ ಕೆಲಸ ಮಾಡೋಕೇ ಬಿಡಲ್ಲ, ಬ್ಲಾಕ್ ಇದ್ರೂ ಸ್ಕ್ಯಾನ್ ನಾರ್ಮಲ್ ಅಂತ ಬರಬಹುದು. ಕಮ್ಮಿ ಅಂದ್ರೂ 12 ಗಂಟೆ ಅಂತಾರೆ, ನನ್ನ ಮಾತು ಕೇಳೋದಾದ್ರೆ ಪೂರ್ತಿ 24 ಗಂಟೆ ಬಿಡಿ. ಕಾಫಿ, ಟೀ ಮಾತ್ರ ಅಲ್ಲ, ಕೋಲಾ, ಚಾಕ್ಲೇಟ್, ಎನರ್ಜಿ ಡ್ರಿಂಕ್, ಕೆಲವು ತಲೆನೋವಿನ ಮಾತ್ರೆ ಕೂಡ, ಡಿಕ್ಯಾಫ್ ಅಂತ ಬರೆದಿರೋ ಕಾಫೀಲೂ ಸ್ವಲ್ಪ ಇದ್ದೇ ಇರುತ್ತೆ ಅದನ್ನ ನಂಬಬೇಡಿ. ಗುಟುಕು ಕುಡಿದಿದ್ರೂ ಮುಚ್ಚಿಡದೆ ಹೇಳಿ, ಟೆಸ್ಟ್ ಮುಂದಕ್ಕೆ ಹೋದ್ರೆ ಹೋಗ್ಲಿ. ಆಸ್ತಮಾ ಇದ್ರೆ ಖಂಡಿತ ಹೇಳಿ, ಅಂಥವರಿಗೆ ಡೊಬುಟಮೈನ್ ಅನ್ನೋ ಬೇರೆ ಔಷಧಿಯ ದಾರಿ ಇದೆ.

3. ಈಗ ಕ್ಯಾಮೆರಾ. ಸ್ಪೆಕ್ಟ್‌ನಲ್ಲಿ ಟೆಕ್ನೀಷಿಯಂ-99ಎಂ ಅನ್ನೋ ಟ್ರೇಸರ್ ಬಳಸ್ತಾರೆ, ಅದರ ಅರ್ಧಾಯುಷ್ಯ (ರೇಡಿಯೇಷನ್ ಅರ್ಧಕ್ಕೆ ಇಳಿಯೋ ಹೊತ್ತು) 6 ಗಂಟೆ, ಹಾಗಾಗಿ ಟ್ರೆಡ್‌ಮಿಲ್ ಮುಗಿಸಿ ಆರಾಮಾಗಿ ಫೋಟೋ ತೆಗೀಬಹುದು. ಥ್ಯಾಲಿಯಂ-201 ಕೊಡ್ತೀವಿ ಅಂದ್ರೆ ಯಾಕೆ ಅಂತ ಕೇಳಿ, ಅದರ ಅರ್ಧಾಯುಷ್ಯ 73 ಗಂಟೆ, ರೇಡಿಯೇಷನ್ ಜಾಸ್ತಿ. ಸ್ಪೆಕ್ಟ್‌ನ ದೊಡ್ಡ ದೌರ್ಬಲ್ಯ ಏನಂದ್ರೆ ಅದು ಒಂದು ಭಾಗನ ಇನ್ನೊಂದು ಭಾಗಕ್ಕೆ ಹೋಲಿಸಿ ನೋಡುತ್ತೆ, ಮೂರೂ ರಕ್ತನಾಳದಲ್ಲಿ ಒಂದೇ ಸಮ ಬ್ಲಾಕ್ ಇದ್ರೆ ಎಲ್ಲಾ ಕಡೆ ಸಮಾನವಾಗಿ ಕಾಣಿಸಿ ಮೋಸ ಹೋಗಬಹುದು. ಪೆಟ್ ಹಾಗಲ್ಲ, ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿ ರಕ್ತ ಹೋಗ್ತಿದೆ ಅಂತ ಅಳೆದೇ ಹೇಳುತ್ತೆ. ದಪ್ಪ ಮೈಯವರಿಗೂ ಪೆಟ್ಟೇ ವಾಸಿ, ರೇಡಿಯೇಷನ್ನೂ ಸಾಮಾನ್ಯವಾಗಿ ಕಮ್ಮಿ. ಆದ್ರೆ ಅದರ ರುಬಿಡಿಯಂ-82ರ ಅರ್ಧಾಯುಷ್ಯ ಬರೀ 76 ಸೆಕೆಂಡ್, ಟ್ರೆಡ್‌ಮಿಲ್ ಇಳಿದು ಬಂದು ಮಲಗೋಷ್ಟರಲ್ಲಿ ಮುಗಿದೇ ಹೋಗಿರುತ್ತೆ, ಅದಕ್ಕೇ ಅಲ್ಲಿ ಔಷಧಿಯ ಸ್ಟ್ರೆಸ್ಸೇ ಗತಿ. ಅಮೋನಿಯಾ ಟ್ರೇಸರ್‌ನ ಅರ್ಧಾಯುಷ್ಯ 10 ನಿಮಿಷ, ಆದ್ರೆ ಅದನ್ನ ತಯಾರಿಸೋ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು.

4. ಕೈ ಮೇಲೆತ್ತಿ ಅಲ್ಲಾಡದೆ ಮಲಗಿ, ಅಷ್ಟೇ.

5. ಟ್ರೆಡ್‌ಮಿಲ್ ಮಾಡಿಸಿದ್ರೆ ರಿಪೋರ್ಟ್‌ನಲ್ಲಿ 'ನಾರ್ಮಲ್' ಅನ್ನೋ ಪದಕ್ಕಿಂತ ಮುಂಚೆ ಹಾರ್ಟ್‌ರೇಟ್ ಎಷ್ಟು ಪರ್ಸೆಂಟ್ ಮುಟ್ಟಿದೆ ನೋಡಿ. 70ಕ್ಕೇ ನಿಂತಿದ್ರೆ ಔಷಧಿ ಕೊಟ್ಟು ಇನ್ನೊಮ್ಮೆ ಮಾಡಬೇಕಾ ಅಂತ ಡಾಕ್ಟ್ರನ್ನ ಕೇಳಿ.