ಇಪ್ಪತ್ತು ಸೆಕೆಂಡಿನ ವಿಡಿಯೊ

2022ರ ಮಾರ್ಚ್ ಕೊನೆಯ ವಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಅಗಸಿ (ಊರ ಬಾಗಿಲು) ಮುಂದೆ ನಮ್ಮ ತಂಡ ಬೀದಿ ನಾಟಕ ಆಡಿತು. ಹಿಜಾಬ್ ವಿಷಯದಲ್ಲಿ ಹೈಕೋರ್ಟ್ ತೀರ್ಪು ಬಂದದ್ದು ಅದೇ ತಿಂಗಳ 15ಕ್ಕೆ. ಅದರ ಬೆನ್ನಿಗೇ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಲಿಲ್ಲ ಎಂಬ ಸುದ್ದಿ ಬಂತು. ಇಂಥ ಹೊತ್ತಲ್ಲಿ ಸುಮ್ನೆ ಕೂರಬಾರದು ಅಂತ ನಾವು ನಾಟಕ ಕಟ್ಟಿದ್ದೆವು.

ಕಥೆ ಒಬ್ಬ ಬಳೆಗಾರನದು. ಪ್ರತಿ ವರ್ಷ ಜಾತ್ರೆಗೆ ಬಂದು, ಮೊದಲ ಡಜನ್ ಹಸಿರು ಬಳೆ ದೇವಿಗೆ ಕೊಟ್ಟು, ಆಮೇಲೆ ವ್ಯಾಪಾರ ಶುರು ಮಾಡುವವನು. ಈ ಸಲ ಊರೊಳಗೆ ಬರಬೇಡ ಅಂತಾರೆ. ಆಗ ಊರಿನ ಒಬ್ಬ ಮುದುಕಿ ಗುಡಿ ಮುಂದೆ ನಿಂತು ದೇವಿ ಜೊತೆ ಜಗಳಕ್ಕೇ ಇಳಿಯುತ್ತಾಳೆ. "ಕಣ್ಣ ಬಿಟ್ಕೊಂಡು ಸುಮ್ನ ಕುಂತೀಯಲ್ಲ, ನೀ ಎಂಥಾ ದೇವರಬೇ? ನಿನ್ನ ಕೈಯಾಗಿನ ಬಳಿ ಯಾರು ತಂದಿದ್ದು, ನೆನಪೈತಿಲ್ಲ?" ಈ ಮಾತಿಗೆ ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ದೇವರನ್ನು ಬೈದು ಬೇಡುವುದು ನಮ್ಮಲ್ಲಿ ಹೊಸದಲ್ಲ. ಮಳೆ ಬರದಿದ್ದರೆ, ಮಗುವಿಗೆ ಜ್ವರ ಇಳಿಯದಿದ್ದರೆ ನಮ್ಮ ಅಜ್ಜಿಯರು ಹೀಗೇ ಬೈಯುತ್ತಿದ್ದರು. ಸಲಿಗೆ ಇದ್ದಲ್ಲಿ ಬೈಗುಳ ಇರುತ್ತೆ, ಅಲ್ವಾ?

ರಾತ್ರಿ ಹತ್ತೂವರೆಗೆ ಫೋನು ಶುರುವಾದವು. ಯಾರೋ ಆ ಮಾತಿನ ಮೊದಲ ಅರ್ಧ ಮಾತ್ರ ಕತ್ತರಿಸಿ ಹಾಕಿದ್ದರು. ಇಪ್ಪತ್ತು ಸೆಕೆಂಡು. "ನೀ ಎಂಥಾ ದೇವರಬೇ" ಅನ್ನೋದು ಇದೆ, ಬಳೆ ಮಾತು ಇಲ್ಲ. ಮೇಲೆ "ದೇವಿಗೆ ಅವಮಾನ ಮಾಡಿದ ನಾಟಕದವರು" ಅಂತ ಬರೆದಿತ್ತು.

ನಾನು ಊರಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನಡೆಸುವವನು. ತಹಶೀಲ್ದಾರ್ ಕಚೇರಿ ಎದುರಿಗೇ ಅಂಗಡಿ. ಮೂವತ್ತು ವರ್ಷದಿಂದ ಹೋರಾಟದವರ ಮನವಿ ಪತ್ರಗಳು ನನ್ನ ಕೈಯಿಂದಲೇ ಹೋಗಿವೆ. ಹಾಗಾಗಿ ಹೋರಾಟ ಸೊರಗಿದ್ದನ್ನು ಯಾರೂ ನನಗೆ ಹೇಳಬೇಕಿಲ್ಲ. ಮೊದಲು ಒಂದು ಮನವಿಗೆ ಸಹಿ ಹಾಳೆಗಳೇ ಹತ್ತು ಹನ್ನೆರಡು ಇರುತ್ತಿದ್ದವು, ಅರ್ಧಕ್ಕರ್ಧ ಹೆಬ್ಬೆಟ್ಟು. ಈಗ ಒಂದೇ ಹಾಳೆ, ಐದು ಸಹಿ. ಕಚೇರಿ ಮೆಟ್ಟಿಲ ಮೇಲೆ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರೆ ಹೋರಾಟ ಮುಗಿಯಿತು. ಅವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಆ ಐದರಲ್ಲಿ ಎಷ್ಟೋ ಸಲ ಒಂದು ಸಹಿ ನನ್ನದೇ.

ಹಿಂದೆ ಹೀಗಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಊರಿನ ಗೋಮಾಳ, ಗಾಂವಠಾಣ ಜಾಗದಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿ ಸಸಿಗಳನ್ನು ಜನ ಕಿತ್ತರು. ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ನಾನಾಗ ಪಿಯುಸಿ ಹುಡುಗ. ಟ್ರ್ಯಾಕ್ಟರ್ ಹತ್ತಿ ಹೋಗಿದ್ದೆ. ನನ್ನ ಪಕ್ಕದಲ್ಲಿ ಟೊಪ್ಪಿಗೆಯ ಚಾಚಾ ಒಬ್ಬರು, ಅವರ ಪಕ್ಕ ವಿಭೂತಿ ಹಚ್ಚಿದ ಗೌಡರು. ಇಬ್ಬರೂ ಮಾತಾಡುತ್ತಿದ್ದದ್ದು ದನಕ್ಕೆ ಮೇವಿಲ್ಲ ಅಂತ. ಸೌಹಾರ್ದ ಅನ್ನೋ ಶಬ್ದವನ್ನು ಆವತ್ತು ಯಾರೂ ಆಡಲಿಲ್ಲ. ಆಡುವ ಅಗತ್ಯವೇ ಇರಲಿಲ್ಲ. ನಾಲ್ಕು ವರ್ಷಕ್ಕೆ ಆ ನೀಲಗಿರಿ ಕಂಪನಿ ಮುಚ್ಚಿತು.

ಆಮೇಲೆ ಸಾಕ್ಷರತಾ ಆಂದೋಲನದ ಕಲಾಜಾಥಾ ಬಂತು, ಹಾಡು ನಾಟಕ ಕಟ್ಟಿಕೊಂಡು ಊರೂರು ಸುತ್ತುವುದು. ಅದರಲ್ಲೇ ನಮ್ಮ ತಂಡ ಹುಟ್ಟಿತು, ಹದಿನಾಲ್ಕು ಜನ. ಸಾರಾಯಿ ವಿರುದ್ಧ ಎಷ್ಟು ಊರಲ್ಲಿ ಆಡಿದೆವೋ ಲೆಕ್ಕ ಇಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಒಂದು ಹಳ್ಳಿಯ ಹೆಂಗಸರು ನಮ್ಮನ್ನು ಕರೆದು ಹೋಳಿಗೆ ಊಟ ಹಾಕಿದ್ದರು.

ಮತ್ತೆ ಎಲ್ಲಿ ತಪ್ಪಿತು? ಕೆಲವರು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಕೆಲವರು ಪ್ರಾಜೆಕ್ಟ್ ಸಂಸ್ಥೆ ಸೇರಿದರು. ಸಂಘಟನೆಗಳು ಒಡೆದವು. ಇದೆಲ್ಲ ಎಲ್ಲ ಊರಲ್ಲೂ ಆದದ್ದೇ. ಆಮೇಲೆ ಹೆದರಿಕೆ ಬಂತು. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ಮನೆಯಲ್ಲಿ ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ನಾನು ಮಧ್ಯಾಹ್ನದ ಬಸ್ಸಿಗೆ ಹೋದೆ. 1989ರಲ್ಲೇ ಅವರು ಬರೆದದ್ದನ್ನು ಒತ್ತಡ ಹಾಕಿ ವಾಪಸ್ ತೆಗೆಸಿದ್ದರು ಅನ್ನೋದು ಆ ದಿನ ಬಹಳ ನೆನಪಾಯಿತು. ಆವತ್ತು ಬರೀ ಒತ್ತಡ ಇತ್ತು. ಇಪ್ಪತ್ತಾರು ವರ್ಷದಲ್ಲಿ ಅದು ಪಿಸ್ತೂಲಿನವರೆಗೆ ಬಂತು. 2017ರ ಸೆಪ್ಟೆಂಬರ್ 5ಕ್ಕೆ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನೂ ಹಾಗೇ ಕೊಂದರು. ಒಂದು ವಾರಕ್ಕೆ ಬೆಂಗಳೂರಿನಲ್ಲಿ ಸಾವಿರಾರು ಜನ 'ನಾನು ಗೌರಿ' ಅಂತ ಸೇರಿದರು. ನಮ್ಮ ತಾಲೂಕಿನಲ್ಲಿ ಕರೆದ ಸಭೆಗೆ ಬಂದವರು ಒಂಬತ್ತು. ಅದರಲ್ಲಿ ಇಬ್ಬರು ಗುಪ್ತಚರ ಇಲಾಖೆಯವರು.

ಆದರೆ ಹೆದರಿಕೆ ಒಂದೇ ಕಾರಣ ಅಂದರೆ ಅದು ಪೂರ್ತಿ ನಿಜ ಆಗಲ್ಲ. ನಾವು ಓಣಿ ಬಿಟ್ಟಿದ್ದೆವು. ಮೊದಲು ನಾಟಕ ಮುಗಿದ ಮೇಲೆ ಅದೇ ಊರಲ್ಲಿ ಉಂಡು, ಯಾರದೋ ಕಟ್ಟೆ ಮೇಲೆ ಮಲಗಿ, ಬೆಳಿಗ್ಗೆ ಚಹಾ ಕುಡಿದು ಬರುತ್ತಿದ್ದೆವು. ಬೈಕು ಬಂದ ಮೇಲೆ ಆಟ ಮುಗಿದ ಕೂಡಲೇ ಹೊರಡುವುದು ರೂಢಿ ಆಯಿತು. ಜನ ನಮ್ಮ ಮುಖ ಮರೆತರು. ಮುಖ ಗೊತ್ತಿಲ್ಲದವನ ಮಾತನ್ನು ಇಪ್ಪತ್ತು ಸೆಕೆಂಡಿಗೆ ಕತ್ತರಿಸುವುದು ಸುಲಭ.

ವಿಡಿಯೊ ಹಬ್ಬಿದ ಮರುದಿನ ಠಾಣೆಗೆ ಕರೆದರು. ಧಾರ್ಮಿಕ ಭಾವನೆ ಕೆರಳಿಸಿದ್ದಕ್ಕೆ ಹಾಕುವ ಐಪಿಸಿ ಕಲಮು 295ಎ ಹಾಕಬೇಕಾಗುತ್ತೆ ಅಂದರು. ಒಂದು ತಪ್ಪೊಪ್ಪಿಗೆ ಬರೆದು ಕೊಟ್ಟರೆ ಎಲ್ಲ ಇಲ್ಲೇ ಮುಗಿಯುತ್ತೆ ಅಂತಲೂ ಹೇಳಿದರು. ನಮ್ಮ ಹುಡುಗರಿಗೆ ಬರೆದು ಕೊಡುವ ಮನಸ್ಸಿತ್ತು. ನಾನು ಬೇಡ ಅಂದೆ. ತಪ್ಪು ಮಾಡಿಲ್ಲ ಅಂದ ಮೇಲೆ ಒಪ್ಪಿಕೊಳ್ಳುವುದೇನು? ಆ ಕಲಮಿನ ಒಳಗೇ 'ಬೇಕೆಂದೇ, ದುರುದ್ದೇಶದಿಂದ' ಮಾಡಿರಬೇಕು ಅಂತ ಇದೆ. (2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ, ತಿರುಳು ಬದಲಾಗಿಲ್ಲ.) ನಮ್ಮ ಬಳಿ ಪೂರ್ತಿ ನಾಟಕದ ಸ್ಕ್ರಿಪ್ಟ್ ಇತ್ತು, ತಾರೀಖು ಸಮೇತ. ಪೂರ್ತಿ ರೆಕಾರ್ಡಿಂಗ್ ಕೂಡ ಇತ್ತು. ಎರಡನ್ನೂ ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಪೂರ್ತಿ ನೋಡಿದ ಮೇಲೆ ಅವರು ಕೇಸು ಹಾಕಲಿಲ್ಲ. ಆದರೂ ಆ ವಾರ ತಂಡದ ಇಬ್ಬರು ಬಿಟ್ಟುಹೋದರು. ಒಬ್ಬಳು ಡಿ.ಎಡ್ ಮುಗಿಸಿದ ಹುಡುಗಿ. "ಅಣ್ಣಾ, ನೌಕರಿಗೆ ಪೊಲೀಸ್ ವೆರಿಫಿಕೇಶನ್ ಬಂದರೆ ಏನ್ ಮಾಡ್ಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುದುಕಿಯ ಪಾತ್ರ ಮಾಡಿದ್ದು ಅವಳೇ.

ನಾಲ್ಕನೇ ದಿನ ನಾನು ಆ ವಿಡಿಯೊ ಹಾಕಿದ ಹುಡುಗನ ಮನೆಗೆ ಹೋದೆ. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಗುಂಪು ಹೋದರೆ ಅದು ಜಗಳ, ಒಬ್ಬನೇ ಹೋದರೆ ಅದು ಭೇಟಿ. ಹುಡುಗ ಬಾಗಿಲಲ್ಲೇ ನಿಂತ. ಒಳಗಿಂದ ಅವನ ಅವ್ವ ಬಂದು ನನ್ನ ಮುಖ ನೋಡಿ, "ನೀವು ಸಾರಾಯಿ ನಾಟಕದವರಲ್ಲೇನ್ರೀ?" ಅಂದರು. ಚಾಪೆ ಹಾಸಿದರು. ಚಹಾ ಬಂತು.

ನಾನು ಮೊಬೈಲಿನಲ್ಲಿ ಪೂರ್ತಿ ನಾಟಕ ಹಚ್ಚಿ ಕೊಟ್ಟೆ. ಮೂವತ್ತೆರಡು ನಿಮಿಷ. ಅವ್ವ ಜೋಳ ಹಸನು ಮಾಡುತ್ತಲೇ ನೋಡಿದರು. ಮುದುಕಿ ಬೈಯುವ ಜಾಗ ಬಂದಾಗ ಮೊರದ ಸಪ್ಪಳ ನಿಂತಿತು. "ಇದರಾಗ ಏನ್ ತಪ್ಪೈತೋ ತಮ್ಮಾ?" ಅಂತ ಮಗನನ್ನು ಕೇಳಿದರು. ಅವನು ತಲೆ ಬಗ್ಗಿಸಿಕೊಂಡೇ ಹೇಳಿದ: "ತಪ್ಪಿಲ್ಲ ಅಂತ ನನಗೂ ಗೊತ್ತಾತ್ರಿ ಸರ. ಆದ್ರ ನಮ್ಮ ಗ್ರೂಪಿನ್ಯಾಗ ನಾ ಅದನ್ನ ಹ್ಯಾಂಗ ಹೇಳ್ಲಿ? ನನ್ನ ತಗದ ಹಾಕ್ತಾರ."

ಅಲ್ಲಿಯವರೆಗೆ ವಾಕ್ ಸ್ವಾತಂತ್ರ್ಯ ಅಂದರೆ ನಾನು ಸಂವಿಧಾನದ 19ನೇ ವಿಧಿ, ಸರ್ಕಾರ, ಪೊಲೀಸ್ ಅಂತಲೇ ಯೋಚಿಸುತ್ತಿದ್ದೆ. ಈ ಹುಡುಗನ ಬಾಯಿಗೆ ಬೀಗ ಹಾಕಿದ್ದು ಸರ್ಕಾರ ಅಲ್ಲ. ಅವನ ಗೆಳೆಯರೇ. ತನ್ನ ಸ್ವಂತ ಗುಂಪಿನಲ್ಲಿ "ಇದು ಸರಿಯಲ್ಲ" ಅನ್ನಲು ಆಗದವನು ನನ್ನ ಭಾಷಣದ ಹಕ್ಕನ್ನು ಹೇಗೆ ಕಾಯಬೇಕು?

ನಮ್ಮ ಗುಂಪು ಮಾತ್ರ ಬೇರೆ ಇತ್ತಾ? ಇದೂ ಹೇಳಲೇಬೇಕು. ಅದೇ ನಾಟಕದಲ್ಲಿ ಬಳೆಗಾರನ ಹೆಂಡತಿಯ ಒಂದು ಮಾತಿತ್ತು. ಮಗಳನ್ನು ಓದು ಬಿಡಿಸಿ ಬೇಗ ಮದುವೆ ಮಾಡಬೇಡ ಅಂತ ಅವಳು ಗಂಡನಿಗೂ ಜಮಾತಿನ ಹಿರಿಯರಿಗೂ ಹೇಳುವ ಮಾತು. ಮುಸ್ಲಿಂ ಓಣಿಯಲ್ಲಿ ಆಡುವಾಗ ಅದನ್ನು ನಾವೇ ತೆಗೆದುಹಾಕಿದ್ದೆವು. ಈಗಾಗಲೇ ನೊಂದಿದ್ದಾರೆ, ಈಗ ಬೇಡ ಅಂತ. ಯಾರೂ ಕೇಳಿರಲಿಲ್ಲ, ನಾವೇ ಮಾಡಿದ್ದು. ಮುಂದೆ ಒಮ್ಮೆ ಬೀಡಿ ಕಟ್ಟುವ ಒಬ್ಬ ಬೀಬಿ ನನ್ನನ್ನು ನಿಲ್ಲಿಸಿ ಕೇಳಿದರು: "ಅಣ್ಣಾ, ಎಲ್ಲಾರ ಬಗ್ಗೆ ಮಾತಾಡ್ತೀರಿ, ನಮ್ಮ ಮನಿಯಾಗಿನ ಮಾತು ಯಾಕ ಬಿಡ್ತೀರಿ?" ಆ ಪ್ರಶ್ನೆ ನನಗೆ ಠಾಣೆಯಲ್ಲಿ ಕೂತದ್ದಕ್ಕಿಂತ ಜಾಸ್ತಿ ಚುಚ್ಚಿತು. ಒಂದು ಕಡೆ ಹೇಳುವ ಮಾತನ್ನು ಇನ್ನೊಂದು ಕಡೆ ನುಂಗಿದರೆ ಎರಡೂ ಕಡೆ ನಂಬಿಕೆ ಹೋಗುತ್ತೆ. ಈಗ ಆ ಮಾತನ್ನು ವಾಪಸ್ ಸೇರಿಸಿದ್ದೇವೆ. ಎರಡೂ ಓಣಿಯಲ್ಲಿ ಒಂದೇ ನಾಟಕ, ಒಂದೇ ಮಾತು. ಮೊದಲ ಸಲ ಆಡಿದಾಗ ಇಬ್ಬರು ಹಿರಿಯರು ಎದ್ದು ಹೋದರು. ಹೆಂಗಸರು ಯಾರೂ ಏಳಲಿಲ್ಲ.

ಈಗ ನಾವು ಕೆಲಸ ಮಾಡುವ ರೀತಿ ಬೇರೆಯಾಗಿದೆ. ತಂಡದಲ್ಲಿ ಆರೇ ಜನ. ವಾರ ಮೊದಲೇ ಠಾಣೆಗೆ ಅರ್ಜಿ ಕೊಡುತ್ತೇವೆ, ಜಾಗ, ಹೊತ್ತು, ಜನರ ಸಂಖ್ಯೆ ಬರೆದು. ಎರಡು ಪ್ರತಿ, ಒಂದಕ್ಕೆ ಸೀಲು. ಅನುಮತಿ ಇಲ್ಲ ಅಂತ ಬಾಯಲ್ಲಿ ಹೇಳಿದರೆ "ಹಿಂಬರಹ ಕೊಡಿ ಸರ್" ಅಂತ ಮರ್ಯಾದೆಯಿಂದಲೇ ಕೇಳುತ್ತೇನೆ. ಕಾರಣ ಬರೆದು ಕೊಡಬೇಕು ಅಂದಾಗ ಎಷ್ಟೋ ಸಲ ಅನುಮತಿಯೇ ಬಂದಿದೆ. ಬೆಂಗಳೂರಿನವರಿಗೆ ಈಗ ಪ್ರತಿಭಟನೆ ಅಂದರೆ ಹಳೆಯ ಸೆಂಟ್ರಲ್ ಜೈಲಿನ ಜಾಗವಾದ ಫ್ರೀಡಂ ಪಾರ್ಕ್ ಒಂದೇ. ನಮಗೆ ಇನ್ನೂ ಅಗಸಿ ಇದೆ, ಕಟ್ಟೆ ಇದೆ. ಅದನ್ನು ಕಳೆದುಕೊಳ್ಳಬಾರದು ಅಂತ ಕಾಗದದಲ್ಲಿ ಇಷ್ಟು ಗಟ್ಟಿ ಇರುತ್ತೇವೆ.

ಪ್ರತಿ ಆಟವನ್ನೂ ಮೊದಲಿಂದ ಕೊನೆವರೆಗೆ ನಾವೇ ರೆಕಾರ್ಡ್ ಮಾಡುತ್ತೇವೆ, ಅದೇ ರಾತ್ರಿ ಆ ಊರಿನ ನಾಲ್ಕಾರು ಜನರ ಫೋನಿಗೆ ಕಳಿಸುತ್ತೇವೆ. ಕತ್ತರಿಸಿದ ತುಣುಕು ಬರುವ ಮೊದಲೇ ಪೂರ್ತಿಯದು ಊರಲ್ಲಿ ಇರಬೇಕು. ಆಟ ಮುಗಿದ ಮೇಲೆ ಹೊರಡುವುದಿಲ್ಲ. ಅಲ್ಲೇ ಉಣ್ಣುತ್ತೇವೆ, ಅಲ್ಲೇ ಮಲಗುತ್ತೇವೆ. ಸೊಳ್ಳೆ ಕಾಟಕ್ಕೆ ಹುಡುಗರು ಮೊದಮೊದಲು ಗೊಣಗಿದರು. ಆದರೆ ನಿಜವಾದ ಮಾತು ಶುರುವಾಗುವುದೇ ರಾತ್ರಿ ಒಂಬತ್ತರ ಮೇಲೆ, ಕಟ್ಟೆಯಲ್ಲಿ. ನಮ್ಮ ಜೊತೆ ಜಗಳ ಆಡಲು ಬಂದವರು ಕೂಡ ಅಲ್ಲಿ ಒಂದು ಗಂಟೆ ಕೂರುತ್ತಾರೆ. ಕೊನೆಗೆ ಯಾರೋ ಏಕತಾರಿ ತೆಗೆದು ಶಿಶುನಾಳ ಶರೀಫರ ತತ್ವಪದ ಹಾಡುತ್ತಾರೆ. ಶರೀಫರು, ಅವರ ಗುರು ಗೋವಿಂದ ಭಟ್ಟರು ನಮ್ಮ ಜಿಲ್ಲೆಯ ಜನಕ್ಕೆ ಪಾಠದ ಹೆಸರುಗಳಲ್ಲ, ಮನೆಯವರು.

ಗಣೇಶ ಮತ್ತು ಈದ್ ಮಿಲಾದ್ ಹತ್ತಿರ ಬಂದ ವರ್ಷಗಳಲ್ಲಿ ಜಾಸ್ತಿ ಎಚ್ಚರ ಬೇಕು. 2023ರಲ್ಲಿ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಿದ್ದವು. ಮೂರೇ ದಿನಕ್ಕೆ ಶಿವಮೊಗ್ಗದ ರಾಗಿಗುಡ್ಡದಲ್ಲಿ ಗಲಾಟೆ ಆಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಾಗಮಂಗಲ. ಠಾಣೆಯ ಶಾಂತಿ ಸಭೆಗೆ ಎರಡೂ ಕಡೆಯ ಮುಖಂಡರು ಬಂದು ಬಿಸ್ಕತ್ತು ತಿಂದು ಹೋಗುತ್ತಾರೆ. ಆದರೆ ಡಿಜೆ ಹಿಂದೆ ಕುಣಿಯುವ ಹುಡುಗರು ಆ ಸಭೆಯಲ್ಲಿ ಇರುವುದಿಲ್ಲ. ಹಾಗಾಗಿ ನಾವು ಪೆಂಡಾಲ್ ಹಾಕುವ ದಿನವೇ ಹೋಗುತ್ತೇವೆ, ಬೊಂಬು ಹಿಡಿಯುತ್ತೇವೆ. ಸುಮ್ನೆ ಉಪದೇಶಕ್ಕೆ ಹೋದರೆ ಯಾರೂ ಕೇಳಲ್ಲ.

ಬಿಟ್ಟುಹೋದ ಹುಡುಗಿ ವಾಪಸ್ ಬಂದಿಲ್ಲ. ಈಗ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅವಳ ಪಾತ್ರವನ್ನು ಈಗ ನಾನೇ ಮಾಡುತ್ತೇನೆ, ಸೀರೆ ಸುತ್ತಿಕೊಂಡು. ಅವಳಷ್ಟು ಚೆನ್ನಾಗಿ ಬರುವುದಿಲ್ಲ.

ವಿಡಿಯೊ ಹಾಕಿದ ಹುಡುಗ ಆ ಗ್ರೂಪಿನಲ್ಲೇ ಇದ್ದಾನೆ. ಹೋದ ಗಣೇಶನ ಹಬ್ಬದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ. "ಸರ, ಒಂದು ವಿಡಿಯೊ ಕಳಿಸೀನಿ ನೋಡ್ರಿ. ನಮ್ಮ ಕಡೆ ಕಲ್ಲು ತೂರಿದ್ದು ಅಂತ ಬಂದೈತಿ. ನನಗ್ಯಾಕೋ ಹಂಗ ಅನ್ನಿಸವಲ್ದು." ತೆರೆದು ನೋಡಿದೆ. ಓಡುವ ಜನ, ಹೊಗೆ, ಹಿಂದೆ ಸಾಲು ಅಂಗಡಿ. ಬೋರ್ಡುಗಳಲ್ಲಿ ಒಂದು ಕನ್ನಡ ಅಕ್ಷರ ಇರಲಿಲ್ಲ, ಎಲ್ಲ ಹಿಂದಿ. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. "ಹೌದಲ್ರೀ ಸರ, ಬೋರ್ಡ್ ನೋಡೇ ಇಲ್ಲ ನಾ" ಅಂದ. ಆ ಮಾತನ್ನು ತನ್ನ ಗ್ರೂಪಿನಲ್ಲಿ ಹಾಕಿದನೋ ಇಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.